ತಿರುಗುವ ಪಟ್ಟಿಗಳ ಪಾರ್ಟಿಷನ್ ಕಿಟ್: ಚಿಕ್ಕಮಗಳೂರಿನ ಮಳೆಗಾಲಕ್ಕೆ ಸರಿಹೋಗುತ್ತದೆಯೇ?

ಚೌಕಟ್ಟಿನೊಳಗೆ ನೇರ ನಿಂತು, ಮೇಲೊಂದು ಕೆಳಗೊಂದು ಪಿನ್ ಮೇಲೆ ತಿರುಗುವ ಮರದ ಪಟ್ಟಿಗಳ ಅಡ್ಡಗೋಡೆ ಮಾಡಿಕೊಳ್ಳುವ ಕಿಟ್ ಇದು. ಇದರಲ್ಲಿ ಮರ ಬರುವುದಿಲ್ಲ. 11 ಪಟ್ಟಿಗೆ ಬೇಕಾದ 10 ಮಿ.ಮೀ. ದಪ್ಪ, 70 ಮಿ.ಮೀ. ಉದ್ದದ ಸ್ಟೀಲ್ ಪಿನ್ 22, ಅಷ್ಟೇ ನೈಲಾನ್ ಬುಷ್ (ಪಿನ್ ತಿರುಗಲು ಚೌಕಟ್ಟಿನ ತೂತಿಗೆ ಕೂರಿಸುವ ಕೊಳವೆ), ವಾಷರ್, ಸ್ಕ್ರೂ, ತೂತು ಗುರುತು ಹಾಕಲು ಒಂದು ಕಾಗದ. ಸ್ಕ್ರೂ ಬಿಟ್ಟರೆ ಸಾಮಾನಿಗೆ ಹೆಸರಿಡುವಂತಿಲ್ಲ. ಆ ಕಾಗದವನ್ನು ಮಾತ್ರ ಒಲೆಗೆ ಹಾಕಿ.

ಯಾಕೆಂದರೆ ಅದರಲ್ಲಿ 150 ಮಿ.ಮೀ. ಅಗಲದ ಪಟ್ಟಿಗೆ 150ರ ಅಂತರದಲ್ಲೇ ತೂತು ಕೊಟ್ಟಿದ್ದಾರೆ. 20 ಮಿ.ಮೀ. ದಪ್ಪದ ಪಟ್ಟಿ ತಿರುಗುವಾಗ ಜಾಗ ಬೇಡುವುದು ಅಗಲವಲ್ಲ, ಮೂಲೆಯಿಂದ ಮೂಲೆಗಿನ ಅಳತೆ, ಅಂದರೆ 151.3. ಬೇಸಿಗೆಯಲ್ಲೇ ಪಕ್ಕದ ಪಟ್ಟಿಗೆ ತಾಗುತ್ತದೆ. ಜೂನ್ ಬಂದರೆ ಮುಗಿಯಿತು: ಮರದ ತೇವ 12ರಿಂದ 17 ಶೇಕಡಕ್ಕೆ ಏರಿದರೆ ಅಷ್ಟಗಲದ ಪಟ್ಟಿ ಒಂದೂವರೆ, ಎರಡು ಮಿ.ಮೀ. ಊದುತ್ತದೆ. ಬಯಲುಸೀಮೆಯ ಮನೆಯಲ್ಲೇ ತಾಗುವ ಲೆಕ್ಕ ಇಲ್ಲಿ ನಡೆಯುವ ಮಾತೇ ಇಲ್ಲ.

6 ಅಡಿ ಜಾಗಕ್ಕೆ ಲೆಕ್ಕ ಹೀಗೆ: 1829 ಮಿ.ಮೀ.ನಲ್ಲಿ ಎರಡೂ ಬದಿಯ 40 ಮಿ.ಮೀ. ಚೌಕಟ್ಟು ಕಳೆದರೆ 1749. ಅದನ್ನು 11ರಿಂದ ಭಾಗಿಸಿದರೆ ತೂತಿನಿಂದ ತೂತಿಗೆ 159. ಪಟ್ಟಿಯನ್ನು 154 ಅಗಲಕ್ಕೆ ಕೀಸಿಸಿ. ಮುಚ್ಚಿದಾಗ 5 ಮಿ.ಮೀ. ಸಂದು ಉಳಿಯುತ್ತದೆ, ಕಣ್ಣಿಗೆ ಅಷ್ಟು ಹೊಡೆಯುವುದಿಲ್ಲ. ಮೊದಲ ಮತ್ತು ಕೊನೆಯ ತೂತು ಚೌಕಟ್ಟಿನ ಒಳ ಅಂಚಿನಿಂದ 79.5ಕ್ಕೆ ಬರಬೇಕು.

ಮರಕ್ಕೆ ಮೂಡಿಗೆರೆ, ಸಕಲೇಶಪುರದ ತೋಟಗಳ ಸಿಲ್ವರ್ ಓಕ್ ಸಾಕು, ನಾರು ಚಂದ. ಆದರೆ ಸಾಮಿಲ್‌ನಿಂದ ಹಸಿಯಾಗಿ ತಂದದ್ದು ಖಂಡಿತ ತಿರುಚಿಕೊಳ್ಳುತ್ತದೆ. ಸೀಸನಿಂಗ್ ಆದ, ಅಂದರೆ ಹದವಾಗಿ ಒಣಗಿಸಿದ ಮರವೇ ಬೇಕು. ತೇವ ಅಳೆಯುವ ಮೀಟರ್ ಇಟ್ಟು ನೋಡಿ, 12 ಶೇಕಡದ ಆಸುಪಾಸು ಇರಲಿ. ಏಳಡಿ ಪಟ್ಟಿಯನ್ನು ತುದಿಯಿಂದ ಒಂದು ಕಣ್ಣಲ್ಲಿ ನೋಡಿ, ಬಿಲ್ಲಿನಂತೆ ಬಾಗಿದ್ದನ್ನು ಅಲ್ಲೇ ಬಿಟ್ಟು ಬನ್ನಿ.

ಕೆಳಗಿನ ಪಿನ್ 60 ಮಿ.ಮೀ. ಮರದೊಳಗೆ, 10 ಹೊರಗೆ. ಮೇಲಿನದು 40 ಒಳಗೆ, 30 ಹೊರಗೆ. ಎರಡನ್ನೂ ಎಪಾಕ್ಸಿ ಅಂಟು ಹಾಕಿ ಕೂರಿಸಿ. ಪಟ್ಟಿಯ ತಲೆಗೂ ಮೇಲಿನ ಚೌಕಟ್ಟಿಗೂ 12 ಮಿ.ಮೀ. ಸಂದು ಬಿಟ್ಟು, ಚೌಕಟ್ಟಿನ ತೂತನ್ನು 32 ಆಳ ಕೊರೆದರೆ ಪಟ್ಟಿಯನ್ನು ಮೇಲಕ್ಕೆತ್ತಿ ಕೆಳಗಿನ ಬುಷ್‌ಗೆ ಇಳಿಸಬಹುದು. ಪಾಲಿಶ್ ಮಾಡಿಸುವಾಗ ಹಾಗೆಯೇ ತೆಗೆಯಲೂಬಹುದು. ಈ ಸಂದಿನ ವಿಷಯ ಕಿಟ್‌ನ ಸೂಚನೆಯಲ್ಲಿ ಒಂದು ಸಾಲೂ ಇಲ್ಲ. ಅದನ್ನು ನಂಬಿದ ಆಚಾರಿ ಚೌಕಟ್ಟು ಬಿಗಿದಾದ ಮೇಲೆ ತಲೆ ಕೆರೆದುಕೊಳ್ಳುತ್ತಾನೆ. ತುದಿಯ ತೂತನ್ನು ಕೈ ಅಂದಾಜಿನಲ್ಲಿ ಕೊರೆಯಬೇಡಿ. ನಡು ಒಂದು ಮಿ.ಮೀ. ತಪ್ಪಿದರೂ ಮುಚ್ಚಿದಾಗ ಸಾಲು ಏರುಪೇರಾಗುತ್ತದೆ. ಮರದ ತುಂಡಿನಿಂದ ಒಂದು ಜಿಗ್ (ಡ್ರಿಲ್ ಪ್ರತಿ ಸಲ ಅದೇ ಜಾಗಕ್ಕೆ ಇಳಿಯುವಂತೆ ಹಿಡಿಯುವ ಅಚ್ಚು) ಮಾಡಿಕೊಂಡು ಎಲ್ಲವನ್ನೂ ಅದರಲ್ಲೇ ಕೊರೆಯಿರಿ.

ನೈಲಾನ್ ಬುಷ್ ಬದಲು ಬೇರಿಂಗ್ ಹಾಕಿಸಿ ಎನ್ನುವವರಿದ್ದಾರೆ. ಬೇಡ. ಒಂದು ಪಟ್ಟಿ ಸುಮಾರು 4 ಕೆ.ಜಿ., ನೈಲಾನ್ ವಾಷರ್ ಅದನ್ನು ಆರಾಮಾಗಿ ಹೊರುತ್ತದೆ. ಆ ಚೂರು ಬಿಗಿ ಇದ್ದರೇ ತಿರುಗಿಸಿದ ಕೋನದಲ್ಲಿ ಪಟ್ಟಿ ನಿಲ್ಲುವುದು. ಬೇರಿಂಗ್ ಹಾಕಿದರೆ ಫ್ಯಾನ್ ಗಾಳಿಗೇ ತಿರುಗುತ್ತಾ ಕೂರುತ್ತದೆ.

ಮೇಲಿನ ಚೌಕಟ್ಟನ್ನು ಆರ್‌ಸಿಸಿಗೆ ಆಂಕರ್ ಬೋಲ್ಟ್ ಹಾಕಿ ಬಿಗಿಯಬೇಕು. ಜಿಪ್ಸಂ ಸೀಲಿಂಗ್ ಮಾತ್ರ ಇರುವ ಕಡೆ, ಹೆಂಚಿನ ಮನೆಯ ಅಲುಗಾಡುವ ಅಟ್ಟದ ತೊಲೆಗೆ ಬಿಗಿಯಬೇಕಾದ ಕಡೆ ಈ ಕೆಲಸಕ್ಕೆ ಕೈ ಹಾಕಬೇಡಿ. ಜೊತೆಗೆ ಕೊಟ್ಟ ಸ್ಕ್ರೂಗಳು ಮೆತ್ತಗಿನವು, ತಲೆ ಬೇಗ ಸವೆಯುತ್ತದೆ. ಊರಿನ ಹಾರ್ಡ್‌ವೇರ್ ಅಂಗಡಿಯಿಂದ ಬೇರೆ ತನ್ನಿ.

ಪಾಲಿಶ್ ಮೆಲಮೈನ್ ಆಗಲಿ, ಪಿಯು ಆಗಲಿ, ಎರಡೂ ಮುಖಕ್ಕೆ ಸಮನಾಗಿ ಹೊಡೆಸಿ. ಒಂದೇ ಮುಖಕ್ಕೆ ಹೊಡೆದರೆ ಇನ್ನೊಂದು ಮುಖ ತೇವ ಎಳೆದು ಪಟ್ಟಿ ದೋಣಿಯಾಗುತ್ತದೆ. ಕತ್ತರಿಸಿದ ತುದಿಗಳಿಗೆ ಪಿನ್ ಕೂರಿಸುವ ಮೊದಲೇ ಸೀಲರ್ ಎರಡು ಕೋಟ್. ನೀರು ಹೆಚ್ಚು ಕುಡಿಯುವುದು ಅಲ್ಲೇ.