ವಜ್ರದ ಜಿಐಎ ರಿಪೋರ್ಟ್: ಎಷ್ಟು ಹೇಳುತ್ತದೆ, ಎಲ್ಲಿ ಸುಮ್ಮನಿರುತ್ತದೆ

ಒಂದು ಕ್ಯಾರೆಟ್ ಆಸುಪಾಸಿನ ದುಂಡು ವಜ್ರ ಕೊಳ್ಳುವವರು ಜಿಐಎ (ಜೆಮಲಾಜಿಕಲ್ ಇನ್‌ಸ್ಟಿಟ್ಯೂಟ್ ಆಫ್ ಅಮೆರಿಕ ಎಂಬ ರತ್ನ ಪರೀಕ್ಷಾ ಸಂಸ್ಥೆ) ರಿಪೋರ್ಟನ್ನು ಧೈರ್ಯವಾಗಿ ನಂಬಬಹುದು. ಡಿಯಿಂದ ಝಡ್‌ವರೆಗಿನ ಬಣ್ಣದ ಶ್ರೇಣಿಯನ್ನು (ಡಿ ಎಂದರೆ ಬಣ್ಣವೇ ಇಲ್ಲದ್ದು, ಝಡ್ ಕಡೆಗೆ ಹೋದಂತೆ ಹಳದಿ ಛಾಯೆ) ರೂಢಿಗೆ ತಂದದ್ದೇ ಈ ಸಂಸ್ಥೆ. ಬೇಸರವೆಂದರೆ, ಬಹಳಷ್ಟು ಮಂದಿ ಬಣ್ಣ ಮತ್ತು ಕ್ಲ್ಯಾರಿಟಿ (ಕಲ್ಲಿನಲ್ಲಿ ದೋಷ ಎಷ್ಟು ಕಡಿಮೆ ಎಂಬುದು) ಎರಡನ್ನೇ ಓದಿ ಮಡಚಿಡುತ್ತಾರೆ.

ಮೊದಲು ನೋಡಬೇಕಾದ್ದು ಕಲ್ಲನ್ನು ಕಡೆದ ರೀತಿ, ಅಂದರೆ ಕಟ್‌ನ ಅಳತೆಗಳು. ಕಟ್ ದರ್ಜೆಗಳಲ್ಲಿ ಅತ್ಯುತ್ತಮವಾದ ಎಕ್ಸಲೆಂಟ್ ಎಂಬ ಒಂದೇ ಪದದೊಳಗೆ ಸಾಕಷ್ಟು ವ್ಯತ್ಯಾಸದ ಕಲ್ಲುಗಳು ಸೇರಿಕೊಳ್ಳುತ್ತವೆ. ಟೇಬಲ್ (ಮೇಲಿನ ಸಪಾಟು ಮುಖ) ವ್ಯಾಸದ 54ರಿಂದ 58%, ಆಳ 60ರಿಂದ 62.5%, ಕ್ರೌನ್ (ಮೇಲ್ಭಾಗ) ಕೋನ 34–35 ಡಿಗ್ರಿ, ಪೆವಿಲಿಯನ್ (ಕೆಳಭಾಗ) ಕೋನ 40.6–41 ಡಿಗ್ರಿ ಇದ್ದರೆ ಕಲ್ಲು ಬಹುಮಟ್ಟಿಗೆ ಚೆನ್ನಾಗಿ ಮಿನುಗುತ್ತದೆ. ಕ್ರೌನ್, ಪೆವಿಲಿಯನ್ ಎರಡೂ ಕಡಿದಾದರೆ ಬೆಳಕು ಕೆಳಗಿಂದ ಸೋರಿ, ಟೇಬಲ್ ಅಂಚಿನಲ್ಲಿ ಮಂಕು ಬಳೆ ಕಾಣುತ್ತದೆ. ಆಳ ಜಾಸ್ತಿಯಾದರೆ ತೂಕ ತಳದಲ್ಲಿ ಅಡಗುತ್ತದೆ. ಒಂದು ಕ್ಯಾರೆಟ್‌ಗೆ ಸುಮಾರು 6.4 ಮಿ.ಮೀ. ವ್ಯಾಸ ಬರಬೇಕು, 6.2 ಬಂದರೆ ಒಂದು ಕ್ಯಾರೆಟ್, ಅಂದರೆ 100 ಸೆಂಟ್‌ಗೆ ದುಡ್ಡು ಕೊಟ್ಟು 90 ಸೆಂಟ್‌ನ ಕಲ್ಲು ತೊಟ್ಟ ಹಾಗೆ.

ಬಣ್ಣಕ್ಕೆ ಹೆಚ್ಚು ಸುರಿಯಬೇಡಿ. ಹಳದಿ ಚಿನ್ನದಲ್ಲಿ ಕೂರಿಸುವುದಾದರೆ ಜಿ, ಎಚ್ ಸಾಕು.

ಕ್ಲ್ಯಾರಿಟಿಯನ್ನು ಹತ್ತು ಪಟ್ಟು ಹಿಗ್ಗಿಸಿ ನಿರ್ಧರಿಸುತ್ತಾರೆ. ವಿಎಸ್2 ದರ್ಜೆಯ ದೋಷ ಸಾಮಾನ್ಯವಾಗಿ ಬರಿಗಣ್ಣಿಗೆ ಬೀಳುವುದಿಲ್ಲ. ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಎಸ್ಐ1ರಲ್ಲಿ ದೋಷ ಎಲ್ಲಿದೆ ಎಂಬುದೇ ಮುಖ್ಯ: ಟೇಬಲ್ ನಡುವಿನ ಕಪ್ಪು ಚುಕ್ಕೆ ಕಾಣುತ್ತದೆ, ಅಂಚಿನದ್ದು ಕಲ್ಲನ್ನು ಹಿಡಿದಿಡುವ ಲೋಹದ ಹಿಡಿಕೆಯಡಿ ಮರೆಯಾಗುತ್ತದೆ. ಆದರೆ ಗರ್ಡಲ್ (ಕಲ್ಲಿನ ಸುತ್ತಲ ಅಂಚು) ಮುಟ್ಟುವ ದೊಡ್ಡ ಬಿರುಕು ಬೇಡ, ಕೂರಿಸುವಾಗ ಒಡೆಯಬಹುದು. ಈ ಜಾಗ ತಿಳಿಯಲು ದೋಷಗಳ ನಕ್ಷೆಯಿರುವ ಪೂರ್ಣ ರಿಪೋರ್ಟ್ ಬೇಕು. ಚಿಕ್ಕ ರಿಪೋರ್ಟಾದ ಡೋಸಿಯರ್‌ನಲ್ಲಿ ನಕ್ಷೆ ಇರುವುದಿಲ್ಲ. ಷರಾದಲ್ಲಿ ‘ಕ್ಲ್ಯಾರಿಟಿ ದರ್ಜೆಗೆ ಕಾರಣವಾದ (ಸೂಕ್ಷ್ಮ ಚುಕ್ಕೆಗಳ ಗುಂಪಾದ) ಕ್ಲೌಡ್‌ಗಳನ್ನು ತೋರಿಸಿಲ್ಲ’ ಎಂಬರ್ಥದ ಸಾಲಿದ್ದರೆ ಕಲ್ಲು ಹಾಲು ಬೆರೆತಂತೆ ಮಂಕಾಗಿರಬಹುದು. ಎಷ್ಟು ಮಂಕೆಂದು ರಿಪೋರ್ಟ್ ಹೇಳುವುದಿಲ್ಲ, ಕಣ್ಣಾರೆ ನೋಡಬೇಕು. ಫ್ಲೋರೆಸೆನ್ಸ್ (ನೇರಳಾತೀತ ಬೆಳಕಿಗೆ ಕಲ್ಲು ಮಿನುಗುವ ಗುಣ) ಸ್ಟ್ರಾಂಗ್ ಎಂದಿದ್ದರೆ ಬಿಸಿಲಿನಲ್ಲೂ ನೋಡಿ.

ಅಂಗಡಿಯ ಸ್ಪಾಟ್‌ಲೈಟ್ ಕೆಳಗೆ ಎಂಥ ಕಲ್ಲೂ ಹೊಳೆಯುತ್ತದೆ. ಕಿಟಕಿಯ ಬಳಿ, ನೆರಳಿನಲ್ಲಿ ಹಿಡಿಯಿರಿ. ಬಣ್ಣ ನೋಡಲು ಬಿಳಿ ಕಾಗದದ ಮೇಲೆ ಬೋರಲು ಹಾಕಿ ಪಕ್ಕದಿಂದ ನೋಡಿ. ಶಾಖದಿಂದ ಪರೀಕ್ಷಿಸುವ ಪೆನ್‌ನಂಥ ಟೆಸ್ಟರ್ ಲ್ಯಾಬಿನಲ್ಲಿ ಬೆಳೆಸಿದ ವಜ್ರವನ್ನೂ ವಜ್ರವೆಂದೇ ತೋರಿಸುತ್ತದೆ, ಅದು ವಜ್ರವೇ ಆದ್ದರಿಂದ. ವಜ್ರದಂತೆ ಕಾಣುವ ಬೇರೆ ಕಲ್ಲಾದ ಮೊಯ್ಸನೈಟ್‌ಗೂ ಹಲವು ಬಾರಿ ಮೋಸಹೋಗುತ್ತದೆ. ಬಿಐಎಸ್ ಹಾಲ್‌ಮಾರ್ಕ್ ಚಿನ್ನದ ಶುದ್ಧತೆಗೆ ಮಾತ್ರ, ಕಲ್ಲಿಗಲ್ಲ.

ಜಿಐಎ ಬಿಡಿ ಕಲ್ಲಿಗಷ್ಟೇ ಈ ರಿಪೋರ್ಟ್ ಕೊಡುತ್ತದೆ. ಆದ್ದರಿಂದ ಗರ್ಡಲ್ ಮೇಲೆ ಲೇಸರ್‌ನಿಂದ ಕೆತ್ತಿದ ನಂಬರನ್ನು ಕೂರಿಸುವ ಮೊದಲೇ ಆಭರಣಕಾರರ ಭೂತಗನ್ನಡಿಯಾದ ಲೂಪ್‌ನಲ್ಲಿ ಓದಿ, ಜಿಐಎ ವೆಬ್‌ಸೈಟಿನ ವಿವರದೊಂದಿಗೆ ಹೋಲಿಸಿ. ನಮ್ಮ ಕಡೆಯ ಕ್ಲೋಸ್ಡ್ ಸೆಟ್ಟಿಂಗ್ ಓಲೆಗಳಲ್ಲಿ ಹಿಂಬದಿಯೂ ಗರ್ಡಲ್ಲೂ ಚಿನ್ನದಲ್ಲಿ ಮುಚ್ಚಿಹೋಗುತ್ತವೆ, ಆಮೇಲೆ ಏನೂ ಕಾಣದು.