ಪ್ಯಾರಿಸ್‌ನ ಸೇನ್ ನದಿ ಬೋಟ್ ರೈಡ್, ಸಂಜೆನೇ ಹೋಗಿ

ಪ್ಯಾರಿಸ್‌ಗೆ ಹೋದ್ರೆ ಸೇನ್ ನದಿ ಬೋಟ್ ರೈಡ್ ಮಾತ್ರ ಮಿಸ್ ಮಾಡ್ಕೋಬೇಡಿ. ಒಂದು ಗಂಟೆ ಅಷ್ಟೇ, ಆದ್ರೆ ಎರಡು ದಿನ ನಡೆದು ನಡೆದು ಕಾಲು ನೋಯಿಸ್ಕೊಂಡು ನೋಡಿದ್ದೆಲ್ಲ ಇಲ್ಲಿ ಕೂತಲ್ಲೇ ಒಂದರ ಹಿಂದೆ ಒಂದು ಬರುತ್ತೆ, ಲೂವ್ರ್, ಒರ್ಸೇ ಮ್ಯೂಸಿಯಂ, ಆಮೇಲೆ ದ್ವೀಪದ ಮೇಲಿರೋ ನೋತ್ರ್ ದಾಮ್ ಚರ್ಚು. 2019ರಲ್ಲಿ ಬೆಂಕಿ ಬಿದ್ದು ಚಾವಣಿನೇ ಹೋಗಿತ್ತಲ್ಲ, 2024ರ ಡಿಸೆಂಬರ್‌ನಲ್ಲಿ ಮತ್ತೆ ತೆರೆದ್ರು, ನೀರಿನ ಮೇಲಿಂದ ಅದನ್ನ ನೋಡ್ತಾ ನಂಗೆ ನಿಜವಾಗ್ಲೂ ಕಣ್ಣು ತುಂಬಿ ಬಂತು.

ಜಾಸ್ತಿ ಇಷ್ಟ ಆಗಿದ್ದು ಸೇತುವೆಗಳು. ಪಾಂ ನೆಫ್ ಅಂದ್ರೆ ಹೊಸ ಸೇತುವೆ ಅಂತ ಅರ್ಥ, ಆದ್ರೆ ಈಗ ನದಿ ಮೇಲೆ ಉಳಿದಿರೋದ್ರಲ್ಲಿ ಅದೇ ಹಳೇದು, 1607ರಲ್ಲಿ ಕಟ್ಟಿ ಮುಗಿಸಿದ್ದು! ಅದರ ಹತ್ರ ಬಂದಾಗ ತಲೆ ಎತ್ತಿ ನೋಡಿ, ಕಮಾನುಗಳ ಮೇಲೆ ಸಾಲಾಗಿ ಕಲ್ಲಿನ ಮುಖಗಳಿವೆ.

ಒಂದೇ ಬೇಜಾರು, ಆಡಿಯೋ ಕಾಮೆಂಟರಿ ಇಂಜಿನ್ ಸದ್ದಲ್ಲಿ ಸರಿಯಾಗಿ ಕೇಳ್ಲೇ ಇಲ್ಲ, ಮೊದಲೇ ಸ್ವಲ್ಪ ಓದ್ಕೊಂಡು ಹೋಗಿ. ಸೂರ್ಯ ಮುಳುಗೋ ಟೈಮಿಗೆ ಬೋಟ್ ಹತ್ತಿದ್ರೆ ವಾಪಸ್ ಬರೋಷ್ಟರಲ್ಲಿ ಕತ್ತಲಾಗಿರುತ್ತೆ, ಆಗ ಐಫೆಲ್ ಟವರ್ ಗಂಟೆಗೊಂದ್ಸಲ 5 ನಿಮಿಷ ಮಿಣಮಿಣ ಅನ್ನೋದು ನೋಡೋಕೆ ಸಿಗುತ್ತೆ. ಮೇಲಿನ ಡೆಕ್ಕಲ್ಲೇ ಕೂತ್ಕೊಳ್ಳಿ, ಗಾಳಿ ಜೋರು, ಜಾಕೆಟ್ ಬೇಕೇ ಬೇಕು.