ಸುತ್ತಿಟ್ಟ ಗಾದಿಗೂ ಅವಧಿ ಇದೆ: ಗೋದಾಮಿಗೆ ಮಾಲು ಒಪ್ಪಿಸುವ ಮುನ್ನ

ಫೋಮ್ ಗಾದಿಗಳನ್ನು ಆನ್‌ಲೈನ್‌ನಲ್ಲಿ ಮಾರುವವರು, ಅದರಲ್ಲೂ ಬೇರೆಯವರ ಗೋದಾಮಿನಲ್ಲಿ ಮಾಲು ಇಟ್ಟು ಅಲ್ಲಿಂದಲೇ ಗಿರಾಕಿಗಳಿಗೆ ಕಳುಹಿಸುವವರು ಇದನ್ನು ಓದಲೆಂದು ಬರೆಯುತ್ತಿದ್ದೇನೆ. ಕಲಬುರಗಿಯ ಹೊರವಲಯದ ಒಂದು ಗೋದಾಮಿನಲ್ಲಿ ಎಂಟು ತಿಂಗಳೊಳಗೆ ನನ್ನ 71 ಗಾದಿಗಳು ಕೆಟ್ಟುಹೋದವು. ಬೆಂಕಿ ಬೀಳಲಿಲ್ಲ, ಕಳವಾಗಲಿಲ್ಲ. ಇಟ್ಟ ಜಾಗದಲ್ಲಿ ಇದ್ದಂತೆಯೇ ಕೆಟ್ಟವು.

ನಮ್ಮದು ಅರಳೆ ಗಾದಿ ಹೊಲಿಯುತ್ತಿದ್ದ ಮನೆ. ಅಪ್ಪನ ಕಾಲದ ಗಾದಿ ಎಷ್ಟೇ ಚಪ್ಪಟೆಯಾದರೂ ಎರಡು ದಿನ ಬಿಸಿಲಿಗೆ ಹಾಕಿ, ಅರಳೆಯನ್ನು ಮತ್ತೆ ಹಿಂಜಿ ತುಂಬಿದರೆ ಮೊದಲಿನಂತೆ ಉಬ್ಬುತ್ತಿತ್ತು. ಫೋಮಿಗೆ ಆ ಗುಣವಿಲ್ಲ. ಅದನ್ನು ಯಂತ್ರದಲ್ಲಿ ಒತ್ತಿ, ಗಾಳಿ ತೆಗೆದು, ಪ್ಲಾಸ್ಟಿಕ್ ಹಾಳೆಯೊಳಗೆ ಬಿಗಿಯಾಗಿ ಸುರುಳಿ ಸುತ್ತಿ ಪೆಟ್ಟಿಗೆಗೆ ಹಾಕುವುದು ಸಾಗಣೆ ವೆಚ್ಚಕ್ಕಾಗಿ. ಕೊರಿಯರ್‌ನವರು ಸಾಮಾನ್ಯವಾಗಿ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿ ಬಂದದ್ದನ್ನೇ ತೂಕವೆಂದು ಹಿಡಿಯುತ್ತಾರೆ. 78 ಇಂಚು ಉದ್ದ, 72 ಇಂಚು ಅಗಲ, 6 ಇಂಚು ದಪ್ಪದ ಗಾದಿಯನ್ನು ಹರಡಿದಂತೆಯೇ ಕಳುಹಿಸಿದರೆ ಆ ಲೆಕ್ಕದಲ್ಲಿ 110 ಕಿಲೋ ದಾಟುತ್ತದೆ. ಸುತ್ತಿದರೆ 45 ಕಿಲೋಗೆ ಇಳಿಯುತ್ತದೆ. ಹೀಗಾಗಿ ಸುತ್ತದೆ ಈ ವ್ಯಾಪಾರ ನಡೆಯದು. ಆದರೆ ಫೋಮಿನ ಸೂಕ್ಷ್ಮ ಕೋಶಗಳು ಬಹಳ ಕಾಲ, ಅದರಲ್ಲೂ ಶಾಖದಲ್ಲಿ, ಮಡಿಚಿಕೊಂಡೇ ಉಳಿದರೆ ಮತ್ತೆ ಪೂರ್ತಿ ನೆಟ್ಟಗಾಗುವುದಿಲ್ಲ. ನನಗೆ ಮಾಲು ಕೊಟ್ಟ ಕಾರ್ಖಾನೆಯವರು ಮೂರು ತಿಂಗಳೊಳಗೆ ಬಿಚ್ಚಬೇಕೆಂದು ಬರೆದುಕೊಟ್ಟಿದ್ದರು. ಆ ಪತ್ರವನ್ನು ನಾನು ಗೋದಾಮಿನವರಿಗೆ ಕೊಟ್ಟೂ ಇದ್ದೆ.

ಸೊಲ್ಲಾಪುರ, ಹೈದರಾಬಾದ್, ಬೀದರ್ ಮೂರಕ್ಕೂ ಅನುಕೂಲವೆಂದು ಕಲಬುರಗಿಯಲ್ಲೇ ದಾಸ್ತಾನು ಮಾಡಿದೆ. ಜಾಗ ನೋಡಲು ಹೋದದ್ದು ಜನವರಿಯ ಒಂದು ಮುಂಜಾನೆ. ಮೊದಲು ತೊಗರಿ ತುಂಬುತ್ತಿದ್ದ ಕಟ್ಟಡ. ಗುಡಿಸಿ ಸುಣ್ಣ ಬಳಿದಿದ್ದರು, ಒಳಗೆ ತಣ್ಣಗಿತ್ತು, ಬಾಡಿಗೆಯೂ ಕಡಿಮೆಯಿತ್ತು. ಮೇಲಿದ್ದ ತಗಡನ್ನು ನೋಡಿಯೂ ಮೇ ತಿಂಗಳನ್ನು ನೆನೆಯಲಿಲ್ಲ ಎಂಬುದು ನನ್ನ ತಪ್ಪು. ಹೊರಗೆ 42, 43 ಡಿಗ್ರಿ ಬಿಸಿಲಿರುವ ಈ ಊರಿನಲ್ಲಿ, ಗಾಳಿಯಾಡದ ತಗಡಿನ ಸೂರಿನ ಕೆಳಗೆ ಶಾಖ ಎಷ್ಟಿರುತ್ತದೆಂದು ಕಲಬುರಗಿಯವರಿಗೆ ಹೇಳಬೇಕಾಗಿಲ್ಲ. ಅದರ ಮೇಲೆ, ಸುರುಳಿಗಳನ್ನು ಒಂದರ ಮೇಲೊಂದರಂತೆ ಎಂಟು ಸಾಲು ಪೇರಿಸಿದ್ದರು. ಏಪ್ರಿಲ್ ಕೊನೆಗೆ ಬಂದ ಹೊಸ ಮಾಲನ್ನು ಬಾಗಿಲ ಬಳಿ ಇಟ್ಟು, ಬಂದ ಆರ್ಡರುಗಳಿಗೆಲ್ಲ ಅದನ್ನೇ ಕಳುಹಿಸಿದರು. ಜನವರಿಯ ಮಾಲು ಹಿಂದಿನ ಗೋಡೆಗೆ ಒತ್ತಿಕೊಂಡು ಹಾಗೆಯೇ ಉಳಿಯಿತು.

ಆಗಸ್ಟಿನಲ್ಲಿ ಸೊಲ್ಲಾಪುರದ ಒಬ್ಬ ಗಿರಾಕಿ, ಬಿಚ್ಚಿ ಮೂರು ದಿನವಾದರೂ ಗಾದಿ ಏಳಲಿಲ್ಲವೆಂದು ಫೋಟೋ ಕಳುಹಿಸಿದರು. ಮರುದಿನವೇ ಟೇಪು ಹಿಡಿದು ಗೋದಾಮಿಗೆ ಹೋಗಿ ಹಿಂದಿನ ಸಾಲಿನ ಒಂದು ಸುರುಳಿಯನ್ನು ನಾನೇ ಬಿಚ್ಚಿದೆ. ಹೊಸ ಗಾದಿಯಾದರೆ ಬ್ಲೇಡು ತಾಗಿದೊಡನೆ ಉಸ್ಸೆಂದು ಗಾಳಿ ಎಳೆದುಕೊಂಡು ಕಣ್ಣೆದುರೇ ಉಬ್ಬುತ್ತದೆ. ಇದು ಸದ್ದೇ ಮಾಡಲಿಲ್ಲ. ಅರ್ಧ ಬಿಚ್ಚಿಕೊಂಡು ತುದಿ ಸುರುಳಿಯಾಗಿಯೇ ನಿಂತಿತು. ಒಂದು ದಿನ ಬಿಟ್ಟು ಅಳೆದಾಗ ಅಂಚಿನಲ್ಲಿ ಐದೂವರೆ ಇಂಚು, ನಡುವೆ ನಾಲ್ಕೂಕಾಲು. ಅಡ್ಡಲಾಗಿ ಮಡಿಕೆಯ ಗೀರುಗಳು ಬೆರಳಿಗೆ ಸಿಗುತ್ತಿದ್ದವು. ಇನ್ನು ಕೆಲವು ಸುರುಳಿಗಳ ಪ್ಲಾಸ್ಟಿಕ್ಕನ್ನು ಇಲಿ ಕಡಿದಿತ್ತು. ತೊಗರಿ ಹೋಗಿತ್ತು, ಇಲಿಗಳು ಹೋಗಿರಲಿಲ್ಲ. ತೂತಿನಿಂದ ಗಾಳಿ ಹೊಕ್ಕು ಒಂದು ತುದಿ ಡೊಳ್ಳಿನಂತೆ ಉಬ್ಬಿ, ಇನ್ನೊಂದು ತುದಿ ಕಟ್ಟಿಗೆಯಂತೆ ಗಟ್ಟಿಯಾಗಿತ್ತು. ಕೆಳಸಾಲಿನ ಅಡಿಗೆ ಹಲಗೆಯನ್ನೂ ಹಾಕಿರಲಿಲ್ಲವಾದ್ದರಿಂದ ಮಳೆಗಾಲದ ತೇವ ನೆಲದಿಂದ ಏರಿ ಪೆಟ್ಟಿಗೆಗಳು ಮೆತ್ತಗಾಗಿದ್ದವು.

ಇದೆಲ್ಲಕ್ಕಿಂತ ನನ್ನನ್ನು ನೋಯಿಸಿದ್ದು ಬೇರೆ. ಗಿರಾಕಿಗಳು ಮಲಗಿ ನೋಡಿ ಹಿಂದಿರುಗಿಸಿದ ಗಾದಿಗಳನ್ನು ಬೇರೆ ಇಡಬೇಕೆಂದು ಹೇಳಿದ್ದರೂ, ಅವುಗಳನ್ನು ಹೊಸ ಚೀಲಕ್ಕೆ ಹಾಕಿ, ಹಗ್ಗ ಬಿಗಿದು, ಹೊಸ ಮಾಲಿನೊಡನೆ ಬೆರೆಸಿದ್ದರು. ಒಂದರ ಬಟ್ಟೆಯ ಮೇಲೆ ಉದ್ದನೆಯ ಕೂದಲು ಅಂಟಿಕೊಂಡಿತ್ತು. ನನ್ನ ಹೆಸರು ನಂಬಿ ಹಣ ಕೊಟ್ಟ ಎಷ್ಟು ಮನೆಗಳಿಗೆ ಇಂಥವು ಹೋದವೋ ಎಂಬ ಯೋಚನೆಗೆ ಇಂದಿಗೂ ನಿದ್ದೆ ಕೆಡುತ್ತದೆ. ಆ ಅವಧಿಯ ಎಲ್ಲ ಗಿರಾಕಿಗಳಿಗೂ ಫೋನು ಮಾಡಿ, ಬದಲಿ ಕೇಳಿದವರಿಗೆಲ್ಲ ಕೊಟ್ಟೆ.

ನಷ್ಟ ಐದು ಲಕ್ಷ ರೂಪಾಯಿ ದಾಟಿತು. ಕರಾರಿನಲ್ಲಿ ಗೋದಾಮಿನವರ ಹೊಣೆ ಪೆಟ್ಟಿಗೆಗೆ ಇಂತಿಷ್ಟೆಂದು ಇದ್ದ ಮೊತ್ತ ಒಂದು ಗಾದಿಯ ಕೊರಿಯರ್ ಖರ್ಚಿಗೂ ಸಾಲದು. ನನ್ನ ವಿಮೆ ಸಾಗಣೆಗೆ ಮಾತ್ರ ಇತ್ತು, ನಿಂತ ಮಾಲಿಗೆ ಇರಲಿಲ್ಲ. ಜೊತೆಗೆ, ನಾಶವಾದ ಅಥವಾ ಲೆಕ್ಕದಿಂದ ತೆಗೆದುಹಾಕಿದ ಮಾಲಿನ ಮೇಲೆ ಪಡೆದ ಜಿಎಸ್‌ಟಿ ಜಮೆಯನ್ನು (ಕೊಳ್ಳುವಾಗ ಕೊಟ್ಟು, ಮಾರುವಾಗ ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳುವ ಮೊತ್ತವನ್ನು) ಜಿಎಸ್‌ಟಿ ಕಾಯಿದೆಯ 17(5)ನೆಯ ಕಲಮಿನ ಪ್ರಕಾರ ವಾಪಸು ಕಟ್ಟಬೇಕೆಂದು ಲೆಕ್ಕಿಗರು ಹೇಳಿದಾಗ, ಕೊಂಡಾಗ ಕೊಟ್ಟ ಶೇ. 18ರ ತೆರಿಗೆಯೂ ಹೋಯಿತು. ಒಪ್ಪಿಸಿಕೊಂಡ ಮಾಲನ್ನು ವಿವೇಕವುಳ್ಳ ಸಾಮಾನ್ಯ ಮನುಷ್ಯ ತನ್ನ ಸ್ವಂತ ಮಾಲಿನಂತೆ ಕಾಯಬೇಕೆಂದು 1872ರ ಕರಾರು ಕಾಯಿದೆಯ 151ನೆಯ ಕಲಮು ಹೇಳುತ್ತದೆ. ಅದರ ಆಧಾರದ ಮೇಲೆ ವಕೀಲರ ಮೂಲಕ ನೋಟಿಸು ಕೊಟ್ಟಿದ್ದೇನೆ, ಉತ್ತರ ಬಂದಿಲ್ಲ.

ಆದ್ದರಿಂದ ಗೋದಾಮನ್ನು ಮುಂಜಾನೆ ನೋಡಬೇಡಿ. ಬೇಸಿಗೆಯ ಮಧ್ಯಾಹ್ನ ಮೂರಕ್ಕೆ ಹೋಗಿ ಒಳಗೆ ಅರ್ಧ ಗಂಟೆ ನಿಲ್ಲಿ. ಮೊದಲು ಏನು ತುಂಬಿದ್ದರೆಂದು ಅಕ್ಕಪಕ್ಕದವರನ್ನು ಕೇಳಿ. ಮೊದಲು ಬಂದದ್ದು ಮೊದಲು ಹೋಗಬೇಕು, ಎಷ್ಟು ಸಾಲಿಗಿಂತ ಹೆಚ್ಚು ಪೇರಿಸಬಾರದು, ಹಿಂದಿರುಗಿದ ಮಾಲಿಗೆ ಬೀಗ ಹಾಕಿದ ಬೇರೆ ಕೋಣೆ ಇರಬೇಕು ಎಂಬುದನ್ನೆಲ್ಲ ಕರಾರಿನಲ್ಲೇ ಬರೆಸಿ. ಬಾಯಿಮಾತು ನನ್ನನ್ನು ಕಾಯಲಿಲ್ಲ. ಸುತ್ತಿದ ದಿನಾಂಕವನ್ನು ಪೆಟ್ಟಿಗೆಯ ಮೇಲಷ್ಟೇ ಅಲ್ಲ, ಒಳಗಿನ ಪ್ಲಾಸ್ಟಿಕ್ಕಿನ ಮೇಲೂ ಬರೆಸಿ, ಏಕೆಂದರೆ ಪೆಟ್ಟಿಗೆ ಬದಲಿಸುವುದು ಎರಡು ನಿಮಿಷದ ಕೆಲಸ. ನಾನು ಈಗ ತಿಂಗಳಿಗೊಮ್ಮೆ ಹೇಳದೆ ಹೋಗಿ, ಹಿಂದಿನ ಗೋಡೆಯ ಬಳಿಯ ಒಂದು ಸುರುಳಿಯನ್ನು ಬಿಚ್ಚಿಸಿ ಅಳೆಯುತ್ತೇನೆ.